ದುರ್ಬೀನು ಹಿಡಿದವನ ಬಣವೆ

ಸುಗ್ಗಿ ಮುಗಿಯುತ್ತ ಬಂದಿತ್ತು. ಕಣದ ಧೂಳಿನಲ್ಲಿ ದನ ಯಾವುದು, ಮನುಷ್ಯ ಯಾರು ಎಂದು ಗೊತ್ತಾಗದ ಆ ಬೆಳಿಗ್ಗೆ, ಒಬ್ಬಾತ ಕೊರಳಿಗೆ ದುರ್ಬೀನು ನೇತುಹಾಕಿಕೊಂಡು ಊರಿನ ಮಾಳಿಗೆಗಳನ್ನೇ ನೋಡುತ್ತ ತಿರುಗುತ್ತಿದ್ದ. ಊರಿಗೆ ಇಂಟರ್‌ನೆಟ್ ತರುವ ರೇಡಿಯೊ ಡಬ್ಬಿ ಕೂರಿಸಲು ಅವನು ಜಾಗ ಹುಡುಕಬೇಕಿತ್ತು. ಊರವರು ಅವನಿಗೆ ದುರ್ಬೀನಪ್ಪ ಎಂದೇ ಹೆಸರಿಟ್ಟಿದ್ದರು.

ಡಬ್ಬಿಯ ಬೇಡಿಕೆಗಳು ಹೊಸ ಅಳಿಯನ ಬೇಡಿಕೆಗಳಂತಿದ್ದವು. ಗುಡ್ಡದ ಟವರು ಅದಕ್ಕೆ ನೇರ ಕಾಣಬೇಕು, ನಡುವೆ ಏನೂ ಅಡ್ಡ ಬರಬಾರದು. ಹತ್ತಿರ ಕರೆಂಟಿರಬೇಕು. ಅರ್ಥಿಂಗಿಗೆ ತೇವದ ನೆಲ ಬೇಕು. ಅದನ್ನು ಕೂರಿಸುವ ಕಂಬ ಆಳುದ್ದಕ್ಕಿಂತ ಹೆಚ್ಚಿದ್ದರೆ ಗಾಳಿಗೆ ತೂಗಾಡುತ್ತದೆ.

ಬೆಳಿಗ್ಗೆಯೇ ಮೇಲಿನ ಇಂಜಿನಿಯರು ಫೋನಿನಲ್ಲಿ ಗುಡುಗಿದ್ದರು. "ಮೊದಲ್ನೇ ಸಲ ಮರದ ಹಿಂದೆ ಜಾಗ ತೋರಿಸ್ದೆ. ಎರಡನೇ ಸಲ ಕರೆಂಟೇ ಇಲ್ಲದ ಮನೆ. ಸಂಜೆ ನಾನೇ ಬರ್ತೀನಿ. ಈ ಸಲನೂ ಕೆಟ್ರೆ ನಾಳೆಯಿಂದ ನೀನು ಗೋದಾಮಿಗೆ!"

ಗೋದಾಮೆಂದರೆ ತಂತಿಯ ಸುರುಳಿಗಳು, ಇಲಿಗಳು, ಮತ್ತು ಬಾಯಿ ಬಿಟ್ಟರೆ ಬಯ್ಯುವ ಮುದುಕ ಕಾವಲುಗಾರ. ದುರ್ಬೀನಪ್ಪನ ಕಾಲು ಚುರುಕಾಯಿತು.

"ನನ್ನಂಗಡಿ ಮೇಲೆ ಇಡು ಮಾರಾಯ," ಎಂದ ಕ್ಷೌರದವನು. "ಗಿರಾಕಿಗಳು ಫೋನು ನೋಡ್ತಾ ಕೂತ್ರೆ ನಾನು ಹೇಗೆ ಕತ್ತರಿಸಿದ್ರೂ ಕೇಳಲ್ಲ."

ಅಂಗಡಿಯ ತಗಡು ಬೆಕ್ಕು ಹತ್ತಿದರೂ ನಡುಗುತ್ತಿತ್ತು. ನಿವೃತ್ತ ಮೇಷ್ಟ್ರ ಮಾಳಿಗೆಯಿಂದ ಟವರಿನ ಬದಲು ಪಕ್ಕದ ಮನೆಯ ಗೋಡೆ ಕಾಣಿಸಿತು. ಆದರೂ ಮೇಷ್ಟ್ರು ಬಿಡಲಿಲ್ಲ. "ಸ್ವಲ್ಪ ಬಗ್ಗಿ ನೋಡಯ್ಯ, ಕಾಣುತ್ತೆ," ಎಂದು ಸೊಂಟ ಹಿಡಿದು ಬಗ್ಗಿಸಿದರು. ಕಂಡದ್ದು ತೊಟ್ಟಿಯಲ್ಲಿ ನೀರು ಕುಡಿಯುತ್ತಿದ್ದ ಎಮ್ಮೆ.

ಕೊನೆಗೆ ಉಳಿದದ್ದು ಊರಂಚಿನ ಅಜ್ಜಿಯ ಮನೆ. ಅದರ ಎತ್ತರದ ಮಾಳಿಗೆ ಮುಟ್ಟುವ ಏಣಿಯೂ ಅವಳಲ್ಲೇ ಇತ್ತು. ದುರ್ಬೀನಪ್ಪ ಹತ್ತಿ ನೋಡಿದ. ಮುಂದೆ ಬರಿಯ ಕಣ, ಅದರಾಚೆ ಬಯಲು, ಬಯಲಿನಾಚೆ ಗುಡ್ಡ, ಗುಡ್ಡದ ನೆತ್ತಿಯಲ್ಲಿ ಟವರು! ಗೋಡೆಯಲ್ಲೇ ಮೀಟರಿತ್ತು. ಬಚ್ಚಲ ನೀರು ಹರಿದು ಹಿತ್ತಲು ಸದಾ ಒದ್ದೆ. ಅವನಿಗೆ ಕುಣಿಯಬೇಕೆನಿಸಿತು. ಮಾಳಿಗೆ ಹಳೆಯದೆಂದು ಸುಮ್ಮನಾದ.

"ಅಜ್ಜಿ, ಜಾಗ ಕೊಡ್ತೀಯಾ?"

"ಕೊಡದೆ ಏನಪ್ಪ? ಏಣಿನೂ ಕೊಟ್ಟೆ. ಆದ್ರೆ ನಾನು ಬಿಟ್ಟಿ ಕೊಡೋಳಲ್ಲ, ಬಿಟ್ಟಿ ತಗೊಳೋಳೂ ಅಲ್ಲ. ಇವತ್ತು ಬಣವೆ ಒಟ್ಟೋಕೆ ಒಬ್ಬ ಆಳು ಕಮ್ಮಿ. ಹುಲ್ಲಿಗೆ ಕೈ ಹಾಕು, ಮುಯ್ಯಿಗೆ ಮುಯ್ಯಿ."

ಸಂಜೆಯವರೆಗೆ ಬೇರೆ ಕೆಲಸವೂ ಇರಲಿಲ್ಲ. ದುರ್ಬೀನನ್ನು ಗೂಟಕ್ಕೆ ತಗುಲಿಸಿ ಮನೆ ಮುಂದಿನ ಕಣಕ್ಕೆ ಇಳಿದ. ಕೆಳಗಿನವರು ಹೊರೆ ಎಸೆಯುವುದು, ಅವನು ಬಣವೆಯ ಮೇಲೆ ನಿಂತು ಸುತ್ತಲೂ ಜೋಡಿಸಿ ತುಳಿಯುವುದು. ಬೇಲಿಯಾಚೆಯಿಂದ ಮೇಷ್ಟ್ರೂ ಕ್ಷೌರದವನೂ ಸಲಹೆ ಕೊಡುತ್ತಲೇ ಇದ್ದರು.

"ವಾಲ್ತಾ ಇದೆ ಕಣಯ್ಯ!"

"ಇಂಟರ್‌ನೆಟ್ ತರೋನಂತೆ, ಹುಲ್ಲು ಒಟ್ಟೋಕೂ ಬರಲ್ವಾ?"

ಆ ಮಾತು ಚುಚ್ಚಿತು. ಪಟ್ಟು ಹಿಡಿದು ಒಟ್ಟಿದ. ಮಳೆಯ ಹನಿ ಒಳಗೆ ಇಳಿಯದಂತೆ ನೆತ್ತಿ ಕಟ್ಟಿದ. ಅಲ್ಲಿ ನಿಂತರೆ ಗುಡ್ಡದ ಟವರು ಬೆಳಿಗ್ಗೆಗಿಂತ ಚೆನ್ನಾಗಿ ಕಾಣುತ್ತಿತ್ತು. ಶುಭಶಕುನ ಅಂದುಕೊಂಡ.

ಹೊತ್ತು ಇಳಿಯುವಾಗ ಇಂಜಿನಿಯರ ಜೀಪು ಬಂತು. ಮೈತುಂಬ ಹುಲ್ಲು ಅಂಟಿಸಿಕೊಂಡ ದುರ್ಬೀನಪ್ಪ ಹೆಮ್ಮೆಯಿಂದ ಏಣಿ ತೋರಿಸಿದ. ಇಬ್ಬರೂ ಮಾಳಿಗೆ ಹತ್ತಿದರು.

"ನೋಡಿ ಸಾರ್, ನೇರ ಎದುರಿಗೇ..."

ನೇರ ಎದುರಿಗೆ ಬಣವೆ ನಿಂತಿತ್ತು. ಟವರಿಲ್ಲ, ಗುಡ್ಡವೂ ಇಲ್ಲ. ಆಳುದ್ದದ ಕಂಬಕ್ಕೂ ಮಿಕ್ಕಿ, ಮದುಮಗನಂತೆ ಪೇಟ ಸುತ್ತಿಕೊಂಡು ನಿಂತಿತ್ತು.

"ಅಜ್ಜಿ, ಇದನ್ನ ಸ್ವಲ್ಪ ಆಚೆಗೆ..." ದುರ್ಬೀನಪ್ಪ ಮಾಳಿಗೆಯಂಚಿಗೆ ಬಂದು ಕೆಳಗೆ ಕೂಗಿದ.

"ಏನು ಮಾತಪ್ಪ ಇದು! ಒಟ್ಟಿದ್ದನ್ನ ಕೆಡವ್ತಾರಾ? ದನ ತಿಂದು ಕರಗಿಸ್ಲಿ, ಮುಂದಿನ ಸುಗ್ಗಿ ಹೊತ್ತಿಗೆ ತಾನೇ ಖಾಲಿ ಆಗುತ್ತೆ."

ಇಂಜಿನಿಯರು ಬಣವೆಯನ್ನು ಬುಡದಿಂದ ತುದಿಯವರೆಗೆ ನೋಡಿದರು. "ಒಟ್ಟಿದ್ದು ಯಾರಜ್ಜಿ? ಗೆರೆ ಎಳೆದ ಹಾಗಿದೆ."

"ಇನ್ಯಾರು? ನಿಮ್ಮ ಹುಡುಗನೇ!"

"ಹೌದಾ?" ಇಂಜಿನಿಯರು ಏಣಿ ಇಳಿಯುತ್ತ ಹೇಳಿದರು, "ನಾಳೆ ಗೋದಾಮಿಗೆ ಬಾಪ್ಪ. ತಂತಿ ಸುರುಳಿಗಳನ್ನ ಹಿಂಗೇ ಒಟ್ಟೋರು ಯಾರೂ ಸಿಕ್ಕಿರ್ಲಿಲ್ಲ."

ಜೀಪು ಹೋಯಿತು. ಅಜ್ಜಿ ಗೂಟದಿಂದ ದುರ್ಬೀನು ತೆಗೆದು, ಸೆರಗಿನಲ್ಲಿ ಒರೆಸಿ, ಅವನ ಕೊರಳಿಗೆ ಹಾಕಿದಳು.

"ನಿನ್ನ ಮುಯ್ಯಿ ತೀರ್ತು ಕಣಪ್ಪ. ಇನ್ಮೇಲೆ ಯಾವಾಗ ಬೇಕಾದ್ರೂ ಏಣಿ ಹತ್ತು, ನಾನೇನೂ ಕೇಳಲ್ಲ."