ಬಸ್ಸಿನ ಹಣೆಗೆ ಕುಂಕುಮ

ನನಗೆ ಒಳ್ಳೆಯ ಸುದ್ದಿ ಬರುವುದು ಯಾವಾಗಲೂ ಕೈ ಕೊಳೆಯಾಗಿರುವಾಗಲೇ. ಅವತ್ತೂ ಹಿತ್ತಲಲ್ಲಿ ಹುಣಸೆಹಣ್ಣು ಹಚ್ಚಿ ದೇವರ ದೀಪ ತಿಕ್ಕುತ್ತಿದ್ದೆ. ಪಕ್ಕದ ಮನೆಯ ಶಾರದಮ್ಮ ಗೋಡೆಯಾಚೆಯಿಂದ ಕೂಗಿದರು: "ಆಸ್ಪತ್ರೆಯಿಂದ ಫೋನ್ ಬಂದಿತ್ತು ಕಣ್ರೀ! ನಿಮ್ಮನೆಯೋರ ಕಣ್ಣಿನ ಕಟ್ಟು ಬಿಚ್ಚಿದ್ರಂತೆ. ಆಟೋದಲ್ಲಿ ಬರ್ತಾವ್ರೆ." ಆ ಕೈಯಲ್ಲೇ ಮಾಲೇಕಲ್ ತಿಮ್ಮಪ್ಪನಿಗೆ ಮುಗಿದು ಹಣೆಗೆ ಒತ್ತಿಕೊಂಡೆ. ಇಂಥದ್ದಕ್ಕೆಲ್ಲ ಮುನಿಸಿಕೊಳ್ಳುವ ದೇವರಲ್ಲ ಅವನು.

ನಮ್ಮವರು ಅರಸೀಕೆರೆಯಲ್ಲಿ ಬಸ್ ಮೆಕ್ಯಾನಿಕ್. ಹಳೇಬೀಡಿಗೆ ಬಂದಿದ್ದ ಅಮೆರಿಕದ ಮುದುಕರೊಬ್ಬರ ಕಾರನ್ನು ಒಮ್ಮೆ ರಿಪೇರಿ ಮಾಡಿಕೊಟ್ಟಿದ್ದರು. ಅವರು ಊರಿಗೆ ಹೋದವರೇ ತಮ್ಮ ಕಡೆಯ ಹಳೇ ಸಿಟಿ ಬಸ್ಸುಗಳ ಫೋಟೋ ಆಲ್ಬಮ್ ಕಳಿಸಿದರು. ಪ್ರತಿ ಬಸ್ಸಿನ ಮುಂದೆಯೂ ಕಂಪೆನಿಯ ಬ್ಯಾಡ್ಜು. ಒಂದಕ್ಕೆ ರೆಕ್ಕೆ, ಇನ್ನೊಂದಕ್ಕೆ ಗುರಾಣಿ, ಮತ್ತೊಂದಕ್ಕೆ ಅಡ್ಡ ಪಟ್ಟಿ. "ಹಣೆ ನೋಡಿ ನಾಮದೋರು, ವಿಭೂತಿಯೋರು ಅಂತೀಯಲ್ಲ, ಹಂಗೇ ಕಣೇ ಇದೂ" ಎಂದು ಇವರಿಂದ ನನಗೂ ಪಾಠವಾಗಿತ್ತು. ಕಣ್ಣಿಗೆ ಪೊರೆ ಬಂದ ಮೇಲೆ ಆಲ್ಬಮ್ಮೂ ಮುಚ್ಚಿತು, ಗ್ಯಾರೇಜಿನ ದಾರಿಯೂ ಮುಚ್ಚಿತು. "ಆಪರೇಷನ್ ಆದ್ಮೇಲೆ ಬ್ಯಾಡ್ಜು ಕಂಡ್ರೆ ಸ್ಪ್ಯಾನರು ಹಿಡೀತೀನಿ. ಇಲ್ದಿದ್ರೆ ಇಲ್ಲ" ಎಂದುಬಿಟ್ಟಿದ್ದರು.

ಬಂದವರು ಕಾಫಿಯನ್ನೂ ಮುಟ್ಟದೆ ಆಲ್ಬಮ್ ತೆರೆದರು. ಎರಡು ಪುಟ ತಿರುವುವಷ್ಟರಲ್ಲಿ ಮುಖ ಸಪ್ಪಗಾಯಿತು. "ಆಪರೇಷನ್ ಕೆಟ್ಟೋಯ್ತು ಕಣೇ. ಬಸ್ಸು ಕಾಣ್ತದೆ, ಬ್ಯಾಡ್ಜಿರೋ ಕಡೆ ಬರೀ ಕೆಂಪು ಚುಕ್ಕೆ."

ನಾನೂ ಪುಟದ ಮೇಲೆ ಇಣುಕಿದೆ. ಆಮೇಲೆ ನೆನಪಾಯಿತು, ಹೋದ ವಾರ ಆಯುಧಪೂಜೆ. ಅವರಿಗೆ ಕಣ್ಣು ಕಾಣದೆಂದು ಪೂಜೆಯೆಲ್ಲ ನನ್ನದೇ. ಸ್ಪ್ಯಾನರುಗಳ ಪಕ್ಕ ಆಲ್ಬಮ್ಮನ್ನೂ ಇಟ್ಟು, ಪರದೇಶದ ವಾಹನಗಳೆಂದು ಭೇದ ಮಾಡಬಾರದಲ್ಲ ಎಂದು ಒಂದೊಂದು ಬಸ್ಸಿನ ಹಣೆಗೂ ಎಣ್ಣೆಯಲ್ಲಿ ಕಲಸಿದ ಕುಂಕುಮ ಇಟ್ಟವಳು ನಾನೇ.

"ನಿಮ್ಮ ಕಣ್ಣು ಚೆನ್ನಾಗೇ ಇದೇರೀ. ಅದು ನಾನಿಟ್ಟ ಕುಂಕುಮ."

"ಅಯ್ಯೋ ಪುಣ್ಯಾತ್ಗಿತ್ತಿ! ಅಮೆರಿಕದ ಕಂಪೆನಿಗಳ್ನೆಲ್ಲ ಒಂದೇ ಮಠಕ್ಕೆ ಸೇರಿಸ್ಬಿಟ್ಟಲ್ಲೇ!" ಎಂದರು. ಮತ್ತೆ ಬಗ್ಗಿದರು. "ತಾಳು. ಮೂತಿ ದುಂಡಗೈತೆ, ಇದು ರೆಕ್ಕೆ ಬ್ಯಾಡ್ಜಿನೋರ್ದು. ಕಿಟಕಿ ಓರೆ ಐತಲ್ಲ, ಇದು ಗುರಾಣಿಯೋರ್ದು." ಬ್ಯಾಡ್ಜಿನ ಹಂಗಿಲ್ಲದೆ ಕೊನೆಯ ಪುಟದವರೆಗೂ ಹೇಳುತ್ತ ಹೋದರು. "ಡಾಕ್ಟ್ರು ಹೇಳಿದ ತಿಂಗ್ಳ ರೆಸ್ಟು ಕಳೀಲಿ, ಗ್ಯಾರೇಜಿಗೆ ಹೊರಟೆ" ಎಂದು ಆಲ್ಬಮ್ ಮುಚ್ಚಿ, ತಲೆಯೆತ್ತಿ ನನ್ನ ಮುಖವನ್ನೇ ದಿಟ್ಟಿಸಿದರು.

"ನಿನ್ನ ಹಣೆ ಮೇಲೇನೇ ಅದು? ಯಾವ ಕಂಪೆನಿ?"

ಮುಟ್ಟಿ ನೋಡಿಕೊಂಡೆ, ಒಣಗಿದ ಹುಣಸೆಹಣ್ಣು. ಮುಖ ತೊಳೆದುಕೊಂಡು ಹಿತ್ತಲಿಗೆ ಹೋದೆ. ದೀಪ ಇನ್ನೂ ಅರ್ಧ ಕಪ್ಪಗೇ ಕೂತಿತ್ತು.