ಮೊದಲು ಮೂರು ಸಲ ರಿಫ್ರೆಶ್

ಗೊತ್ತಿಲ್ಲದ್ದನ್ನು ಗೊತ್ತಿರುವವರಂತೆ ಹೇಳುವ ಕೆಲಸವನ್ನು ಪಾಠ ಹೇಳುವವರೆಲ್ಲ ಒಮ್ಮೆಯಾದರೂ ಮಾಡಿರುತ್ತಾರೆ. ನಾನು ಅದನ್ನು ಇಪ್ಪತ್ತು ವರ್ಷ ಮಾಡಿದ್ದೇನೆ, ಅದೂ ಒಂದೇ ವಿಷಯದಲ್ಲಿ, ಪ್ರತಿ ಬ್ಯಾಚಿನ ಮೊದಲ ದಿನದ ಮೊದಲ ಐದು ನಿಮಿಷದಲ್ಲಿ. ಸಂಡೂರಿನ ಬಸ್ ನಿಲ್ದಾಣದಿಂದ ಸ್ವಲ್ಪ ಒಳಗೆ, ಕಿರಾಣಿ ಅಂಗಡಿಯ ಮೇಲಿನ ಮಹಡಿಯಲ್ಲಿ ನನ್ನದೊಂದು ಕಂಪ್ಯೂಟರ್ ಕ್ಲಾಸಿದೆ. ಮೊದಲು ಅದು ಟೈಪ್‌ರೈಟಿಂಗ್ ಕ್ಲಾಸಾಗಿತ್ತು. ಹಳೆಯ ಬೋರ್ಡಿಗೇ ಬಣ್ಣ ಬಳಿಸಿ ‘ಕಂಪ್ಯೂಟರ್’ ಎಂದು ಬರೆಸಿದೆ. ಬಿಸಿಲಿಗೆ ಮೇಲಿನ ಬಣ್ಣ ಎದ್ದು ಹೋಗಿ ಈಗ ಎರಡೂ ಹೆಸರು ಕಾಣುತ್ತವೆ. ಬಂಡ್ರಿಯವರು, ಯಶವಂತನಗರದಿಂದ ಕಂಪನಿ ಬಸ್ಸಿನಲ್ಲಿ ಬರುವವರು, ದೂರದ ಮೆಟ್ರಿಯಿಂದ ಇಲ್ಲಿಗೆ ಸೊಸೆಯಾಗಿ ಬಂದವರು, ಎಲ್ಲರೂ ನನ್ನಲ್ಲಿ ಕಲಿತಿದ್ದಾರೆ. ಎಲ್ಲರಿಗೂ ಮೊದಲ ಪಾಠ ಒಂದೇ. ಪರದೆಯ ಖಾಲಿ ಜಾಗದಲ್ಲಿ ಮೌಸಿನ ಬಲಗಡೆಯ ಗುಂಡಿ ಒತ್ತಬೇಕು, ಬಂದ ಪಟ್ಟಿಯಲ್ಲಿ ‘ರಿಫ್ರೆಶ್’ ಎಂಬುದನ್ನು ಒತ್ತಬೇಕು. ಹೀಗೆ ಮೂರು ಸಲ. ಉಳಿದ ವಿದ್ಯೆಯೆಲ್ಲ ಆಮೇಲೆ.

ಇದನ್ನು ನಾನು ಕಂಡುಹಿಡಿದದ್ದಲ್ಲ. ಹೊಸಪೇಟೆಯಲ್ಲಿ ನನಗೆ ಕಂಪ್ಯೂಟರ್ ಕಲಿಸಿದ ಮೇಷ್ಟ್ರು ಏಳು ಸಲ ಒತ್ತುತ್ತಿದ್ದರು. ಯಾಕೆ ಎಂದು ಅವರೂ ಹೇಳಲಿಲ್ಲ, ನಾವೂ ಕೇಳಲಿಲ್ಲ. ಒತ್ತಿದಾಗ ಪರದೆ ಒಮ್ಮೆ ಮಿಣುಕುತ್ತಿತ್ತು. ಯಂತ್ರ ನಮ್ಮ ಮಾತಿಗೆ ಹ್ಞೂಂಗುಟ್ಟಿತು ಎಂದು ನನಗೆ ಸಮಾಧಾನವಾಗುತ್ತಿತ್ತು. ಏಳನ್ನು ಮೂರಕ್ಕೆ ಇಳಿಸಿದ್ದಷ್ಟೇ ಈ ಕ್ಷೇತ್ರಕ್ಕೆ ನನ್ನ ಕೊಡುಗೆ. ಈಗಲೂ ತಾಲ್ಲೂಕಿನ ಯಾವುದಾದರೂ ಕಚೇರಿಗೆ ಹೋದಾಗ, ಕಿಟಕಿಯಾಚೆ ಕೂತ ಗುಮಾಸ್ತೆ ಕೆಲಸಕ್ಕೆ ಮುಂಚೆ ಮೂರು ಸಲ ರಿಫ್ರೆಶ್ ಒತ್ತಿದರೆ, ಆಕೆ ನನ್ನ ಶಿಷ್ಯೆ ಎಂದು ಮುಖ ನೋಡದೆಯೇ ಹೇಳಬಲ್ಲೆ. ಹಿಂದೆ ಸಾಲಿನಲ್ಲಿ ನಿಂತವರು ತಡವಾಯಿತೆಂದು ಗೊಣಗುತ್ತಿರುವಾಗ ನಾನೊಬ್ಬಳು ಹೆಮ್ಮೆಯಿಂದ ನಿಂತಿರುತ್ತೇನೆ.

ಹೀಗೆ ಸುಖವಾಗಿದ್ದವಳಿಗೆ ಕಳೆದ ವರ್ಷ ತೊಂದರೆ ಶುರುವಾಯಿತು. ನನ್ನ ಆರೂ ಕಂಪ್ಯೂಟರುಗಳು ದಿನಾ ಬೆಳಿಗ್ಗೆ ಒಂದೇ ರಾಗ ಹಾಡತೊಡಗಿದವು. ಅವುಗಳಲ್ಲಿದ್ದ ವಿಂಡೋಸ್ ಹಳತಾಯಿತು, ಇನ್ನು ಅದಕ್ಕೆ ರಕ್ಷಣೆಯ ರಿಪೇರಿ ಬರುವುದಿಲ್ಲ, ಹೊಸದು ಈ ಯಂತ್ರಗಳಲ್ಲಿ ಕೂರುವುದಿಲ್ಲ. ಹೊಸಪೇಟೆಯ ಅಂಗಡಿಯವರು ಆರನ್ನೂ ಗುಜರಿಗೆ ಹಾಕಿ ಎಂದರು. ನಮ್ಮ ಯಜಮಾನರು ಆಯುಷ್ಯವಿಡೀ ಅದಿರು ಲಾರಿ ಓಡಿಸಿ ನಿವೃತ್ತರಾದವರು. ಗುಜರಿ ಎಂಬ ಮಾತು ಕೇಳಿದರೇ ಅವರಿಗೆ ಸಿಟ್ಟು ಬರುತ್ತದೆ.

“ಇಂಜಿನ್ ಚಲೋ ಐತಿ, ಬಾಡಿ ಹಳೇದಾತಂತ ಲಾರಿ ಒಗಿತಾರೇನು? ಆ ಶಬಾನಾಗ ಒಂದು ಮಾತು ಕೇಳು,” ಎಂದರು.

ಶಬಾನಾ ನನ್ನ ಹಳೆಯ ಶಿಷ್ಯೆ. ಈಗ ಹೊಸಪೇಟೆಯ ಕಾಲೇಜೊಂದರಲ್ಲಿ ಕಂಪ್ಯೂಟರ್ ಪಾಠ ಹೇಳುತ್ತಾಳೆ. ಒಂದು ಭಾನುವಾರ ಬೆಳಿಗ್ಗೆ ಊಟದ ಡಬ್ಬಿ, ಒಂದು ಪೆನ್ ಡ್ರೈವ್ ಹಿಡಿದುಕೊಂಡು ಬಂದಳು. ಆ ಕಡ್ಡಿಯಲ್ಲಿ, ವಿಂಡೋಸಿನ ಬದಲು ದುಡ್ಡು ಕೊಡದೆ ಹಾಕಿಕೊಳ್ಳಬಹುದಾದ ಲಿನಕ್ಸ್ ಇತ್ತು. ಊಟದ ಹೊತ್ತಿಗೆ ಆರೂ ಯಂತ್ರಗಳು ಹೊಸ ಸೀರೆ ಉಟ್ಟು ಕೂತಿದ್ದವು. ಪತ್ರ ಬರೆಯುವುದು, ಚಿತ್ರ ಬಿಡಿಸುವುದು, ಇಂಟರ್ನೆಟ್ಟು ಎಲ್ಲ ಅದರೊಳಗೇ ಬಂದಿತ್ತು. ನನ್ನ ಹಳೆಯ ಪಾಠದ ಫೈಲುಗಳೂ ತೆರೆದವು. ಮೊದಲಿನ ವಿಂಡೋಸ್ ಸಿ.ಡಿ.ಗಳನ್ನು ನಾನು ಎಲ್ಲಿಂದ ತಂದಿದ್ದೆ ಎಂಬುದನ್ನು ಇಲ್ಲಿ ಹೇಳುವುದಿಲ್ಲ. ನನ್ನ ಕ್ಲಾಸಿನಲ್ಲಿ ಎಲ್ಲವೂ ನ್ಯಾಯವಾಗಿ ಇರುವುದು ಇದೇ ಮೊದಲು ಎಂದರೆ ನಿಮಗೆ ಅರ್ಥವಾಗುತ್ತದೆ.

“ಮತ್ತ ಇದನ್ನ ಯಾರು ಬೇಕಾದ್ರೂ ತಮಗ ಬೇಕಾದಂಗ ತಿದ್ದಿಕೊಬೋದ್ರಿ ಟೀಚರ್. ಬ್ಯಾಡ ಅನ್ನೋರು ಯಾರೂ ಇಲ್ಲ,” ಎಂದಳು ಶಬಾನಾ.

ನಾನು ಸಂತೋಷದಿಂದ ಕುರ್ಚಿ ಎಳೆದುಕೊಂಡು ಕೂತೆ. ಖಾಲಿ ಜಾಗದಲ್ಲಿ ಬಲಗಡೆಯ ಗುಂಡಿ ಒತ್ತಿದೆ. ಪಟ್ಟಿ ಬಂತು. ಅದರಲ್ಲಿ ಹೊಸ ಫೋಲ್ಡರ್ ಇತ್ತು, ಹಿನ್ನೆಲೆಯ ಚಿತ್ರ ಬದಲಿಸುವುದಿತ್ತು, ಇನ್ನೂ ಏನೇನೋ ಇದ್ದವು. ರಿಫ್ರೆಶ್ ಇರಲಿಲ್ಲ. ಕನ್ನಡಕ ಒರೆಸಿಕೊಂಡು ಪಕ್ಕದ ಯಂತ್ರದಲ್ಲಿ ನೋಡಿದೆ. ಅಲ್ಲೂ ಇರಲಿಲ್ಲ. ಮರುದಿನ ಸೋಮವಾರ, ಬಂಡ್ರಿಯ ಮಹಿಳಾ ಸಂಘದ ಹೊಸ ಬ್ಯಾಚು ಬರುವುದಿತ್ತು. ಮೊದಲ ಪಾಠವೇ ಇಲ್ಲದ ಮೇಲೆ ಪಾಠವನ್ನು ಎಲ್ಲಿಂದ ಶುರು ಮಾಡಲಿ? ಇಪ್ಪತ್ತು ವರ್ಷ ಟೀಚರ್ ಎನಿಸಿಕೊಂಡವಳು ಅವರ ಮುಂದೆ ತಡಬಡಿಸಿದರೆ ಸಂಡೂರಿನಲ್ಲಿ ಯಾವ ಮುಖ ಹೊತ್ತು ತಿರುಗಲಿ?

“ಶಬಾನಾ, ಯಾರು ಬೇಕಾದ್ರೂ ತಿದ್ದಬಹುದು ಅಂದೆಲ್ಲ, ಇದರಾಗ ರಿಫ್ರೆಶ್ ಹಾಕವಾ,” ಎಂದೆ.

“ಹಾಕೂಣ್ರಿ. ಅದು ಏನ್ ಮಾಡಬೇಕ್ರಿ?”

“ಮೊದಲು ಏನ್ ಮಾಡ್ತಿತ್ತೋ ಅದನ್ನ.”

ಶಬಾನಾ ನನ್ನ ಮುಖ ನೋಡಿದಳು. ಹೇಳಲೋ ಬೇಡವೋ ಎಂಬಂತೆ ಡಬ್ಬಿಯ ಮುಚ್ಚಳ ತೆಗೆದು ಹಾಕಿ ಮಾಡಿದಳು. “ಟೀಚರ್, ಅದು ಪರದೆ ಮ್ಯಾಗಿನ ಚಿತ್ರ ಇನ್ನೊಮ್ಮೆ ಬಿಡಸ್ತಿತ್ತು, ಅಷ್ಟ. ಕಂಪ್ಯೂಟರಿಗೆ ಅದರಿಂದ ಶಕ್ತಿ ಗಿಕ್ತಿ ಏನೂ ಬರ್ತಿರಲಿಲ್ರಿ.”

ಬಾಗಿಲ ಬಳಿ ಪೇಪರ್ ಓದುತ್ತಿದ್ದ ನಮ್ಮ ಯಜಮಾನರು ಪೇಪರು ಇಳಿಸಿದರು. “ನಾ ಲಾರಿ ತಗಿಯೋ ಮುಂದ ಟೈರಿಗೆ ರಾಡಿಂದ ಬಡಿತಿದ್ದೆ. ಗಾಳಿ ಎಷ್ಟೈತಿ ಅಂತಾದ್ರೂ ತಿಳಿತಿತ್ತು. ಇಷ್ಟು ವರ್ಷ ನೀ ಬಡದದ್ದು ಏನು?”

ನಾನು ಶಬಾನಾಳ ಕೈ ಹಿಡಿದೆ. “ಏನೂ ಮಾಡದಿದ್ರ ಬ್ಯಾಡ. ಹೆಸರಿಗಾದ್ರೂ ಇರಲಿ, ಹಾಕು.” ಪಾಪ, ಗುರುವಿನ ಮಾತು ಮೀರಲಾರದೆ ಹಾಕಿದಳು. ಲಿನಕ್ಸಿನಲ್ಲಿ ಒಂದು ಆಜ್ಞೆಯಿದೆಯಂತೆ. ಅದು ಏನೂ ಮಾಡುವುದಿಲ್ಲ, ಕೆಲಸ ಯಶಸ್ವಿಯಾಗಿ ಮುಗಿಯಿತು ಎಂದು ಮಾತ್ರ ವರದಿ ಒಪ್ಪಿಸುತ್ತದೆ. ಬರೆದ ಪುಣ್ಯಾತ್ಮರಿಗೆ ನಮ್ಮ ಕಡೆಯ ಕಚೇರಿಗಳ ಪರಿಚಯ ಎಲ್ಲಿ ಆಯಿತೋ ಎಂದು ಆಶ್ಚರ್ಯಪಟ್ಟೆ. ಆ ಆಜ್ಞೆಗೆ ‘ರಿಫ್ರೆಶ್’ ಎಂದು ಹೆಸರಿಟ್ಟು ಆರೂ ಯಂತ್ರಗಳ ಪಟ್ಟಿಗೆ ಸೇರಿಸಿದಳು. ಪರದೆ ಒಂಚೂರು ಮಿಣುಕುವ ಹಾಗೆ ಮಾಡಲಾಗದೇ ಎಂದು ಕೇಳಿದೆ. “ಸುಳ್ಳಿಗೂ ಒಂದು ಮಿತಿ ಐತ್ರಿ ಟೀಚರ್,” ಎಂದು ಶಬಾನಾ ಬಸ್ಸಿಗೆ ಹೊರಟುಬಿಟ್ಟಳು.

ಸೋಮವಾರ ಹನ್ನೆರಡು ಜನ ಬಂದರು, ಯಂತ್ರಕ್ಕೆ ಇಬ್ಬರಂತೆ ಕೂತರು. ಮುಂದಿನ ಯಂತ್ರದಲ್ಲಿದ್ದವಳು ಹುಲಿಗೆಮ್ಮ, ಸಂಘದ ಕಾರ್ಯದರ್ಶಿ. ಹರೆಯದಲ್ಲಿ ಗಣಿಯಲ್ಲಿ ಅದಿರು ಆರಿಸುತ್ತಿದ್ದವಳು, ನಡುವಯಸ್ಸಿನಲ್ಲಿ ಹಟ ಹಿಡಿದು ಓದು ಬರಹ ಕಲಿತವಳು. ಸಂಘದ ಅರ್ಜಿಗಳನ್ನು ಬೇರೆಯವರ ಕೈಲಿ ಬರೆಸಿದರೆ ಅವರು ತಮ್ಮ ಮನಸ್ಸಿಗೆ ಬಂದದ್ದು ಸೇರಿಸುತ್ತಾರೆ, ಅದಕ್ಕೆ ತಾನೇ ಬರೆಯಬೇಕು ಎಂದು ಬಂದಿದ್ದಳು. ನಾನು ಗಂಟಲು ಸರಿಮಾಡಿಕೊಂಡು ಎಂದಿನಂತೆ ಶುರು ಮಾಡಿದೆ. ಮೂರು ಸಲ ಎಂದೆ. ಹುಲಿಗೆಮ್ಮ ಒಮ್ಮೆ ಒತ್ತಿದಳು. ಪರದೆ ಕಲ್ಲಿನಂತೆ ಇದ್ದಲ್ಲೇ ಇತ್ತು. ಆಕೆ ನನ್ನ ಕಡೆ ತಿರುಗಿದಳು.

“ಅಕ್ಕಾರ, ಇದನ್ನ ಒತ್ತಿದ್ರ ಏನಾಗತೈತ್ರಿ?”

ಇಪ್ಪತ್ತು ವರ್ಷದಲ್ಲಿ ಈ ಪ್ರಶ್ನೆ ಕೇಳಿದವಳು ಇವಳೊಬ್ಬಳೇ. ಹನ್ನೊಂದು ತಲೆ ನನ್ನ ಕಡೆ ತಿರುಗಿದವು. ಬಾಗಿಲ ಬಳಿ ಪೇಪರ್ ಮಡಚುವ ಸದ್ದು ಕೇಳಿಸಿತು. ಮೊನ್ನೆಯಾಗಿದ್ದರೆ ವೈರಸ್ಸು ಓಡಿಹೋಗುತ್ತದೆ ಎಂದೋ, ಕಂಪ್ಯೂಟರಿಗೆ ಚುರುಕು ಬರುತ್ತದೆ ಎಂದೋ ಹೇಳಿಬಿಡುತ್ತಿದ್ದೆ. ಈಗ ಶಬಾನಾ ಹೇಳಿದ್ದು ನೆನಪಾಯಿತು.

“ಏನೂ ಆಗಲ್ಲವಾ,” ಎಂದೆ.

“ಮತ್ತ ಯಾಕ ಒತ್ತಬೇಕ್ರಿ?”

“ಮೊದಲ ಸಲ ಮೌಸ್ ಹಿಡದೋರಿಗೆ ಅಂಜಿಕಿ ಇರತೈತಿ. ಒತ್ತಿದ್ರೂ ಏನೂ ಕೆಡಲ್ಲ ಅಂತ ಗೊತ್ತಾದ್ರ ಕೈಗೆ ಧೈರ್ಯ ಬರತೈತಿ. ಅದಕ್ಕ.” ಇದು ಆ ಕ್ಷಣದಲ್ಲೇ ಹೊಳೆದದ್ದು. ಇಷ್ಟು ಚೆಂದದ ಉತ್ತರ ನನ್ನೊಳಗಿತ್ತೆಂದು ನನಗೇ ಗೊತ್ತಿರಲಿಲ್ಲ. ಬಚಾವಾದೆ ಎಂದುಕೊಂಡೆ.

ಹುಲಿಗೆಮ್ಮ ತಲೆದೂಗಿದಳು. “ಹಂಗಾರ ನನಗ ಬ್ಯಾಡ ಬಿಡ್ರಿ. ಗುಡ್ಡದಾಗ ಮದ್ದು ಹಾರಸೋ ಮುಂದ ಆ ಕಡಿ ಬಂಡೆಗಲ್ಲಿನ ಮರಿಗೆ ಕುಂತು ಬುತ್ತಿ ಉಂಡಾಕಿ ನಾನು. ಈ ಡಬ್ಬಿಗೆ ಏನ್ ಅಂಜಲಿ? ಅರ್ಜಿ ಹೆಂಗ ಬರೀಬೇಕು, ಅದನ್ನ ಹೇಳ್ರಿ.”

ಉಳಿದ ಯಂತ್ರಗಳಲ್ಲಿದ್ದವರೂ ಮೌಸಿನಿಂದ ಕೈ ತೆಗೆದರು. ನಾನು ನಾಲ್ಕನೆಯ ದಿನದ ಪಾಠವನ್ನು ಮೊದಲ ದಿನವೇ ಶುರು ಮಾಡಬೇಕಾಯಿತು. ಕ್ಲಾಸು ಬಿಡುವ ಹೊತ್ತಿಗೆ ಹುಲಿಗೆಮ್ಮ ಒಂದೇ ಬೆರಳಿನಲ್ಲಿ ‘ಮಾನ್ಯರೇ’ ಎಂದು ಬರೆದು, ಅದರ ಕೆಳಗೆ ತನ್ನೂರಿನ ಹೆಸರನ್ನೂ ಬರೆದಿದ್ದಳು. ಅದನ್ನು ನೋಡಿ ನನಗೆ ನಿಜಕ್ಕೂ ಖುಷಿಯಾಯಿತು, ಅದಕ್ಕಿಂತ ಹೆಚ್ಚು ನಾಚಿಕೆಯಾಯಿತು. ಇಷ್ಟು ವರ್ಷ ಆ ಕೋಣೆಯಲ್ಲಿ ಅಂಜಿಕೆ ಇದ್ದದ್ದು ಯಾರಿಗೆ ಎಂಬುದು ಮೆಟ್ಟಿಲಿಳಿಯುವಾಗ ತಿಳಿಯಿತು. ನಮ್ಮ ಯಜಮಾನರಿಗೂ ತಿಳಿದಿರಬೇಕು. ದಾರಿಯುದ್ದಕ್ಕೂ ಲಾರಿಯ ಮಾತನ್ನಷ್ಟೇ ಆಡಿದ್ದು ಅವರ ದೊಡ್ಡತನ.

ಮುಂದಿನ ಭಾನುವಾರ ಶಬಾನಾ ಬಂದು ಐದು ಯಂತ್ರಗಳಿಂದ ರಿಫ್ರೆಶ್ ತೆಗೆದಳು. ಕ್ಲಾಸಿಲ್ಲದಾಗ ನಾನು ಕೂರುವ ಆರನೆಯ ಯಂತ್ರದ ಮುಂದೆ ಕೂತಾಗ, “ಅದೊಂದರಾಗ ಇರಲಿ ಬಿಡವಾ,” ಎಂದೆ. ನಕ್ಕು ಎದ್ದಳು.

ಈ ಲಿನಕ್ಸಿನವರಿಗೆ ಸುಮ್ಮನೆ ಕೂರುವ ಅಭ್ಯಾಸವಿಲ್ಲ, ಏನಾದರೂ ಸುಧಾರಿಸುತ್ತಲೇ ಇರುತ್ತಾರೆ. ಮೊನ್ನೆ ಬೆಳಿಗ್ಗೆ ನನ್ನ ಪರದೆಯ ಮೇಲೆ ಹೊಸ ಆವೃತ್ತಿ ಬಂದಿದೆ, ಹಾಕಲೇ ಎಂಬ ಪ್ರಶ್ನೆ ಬಂತು. ಹುಲಿಗೆಮ್ಮ ಪಕ್ಕದಲ್ಲೇ ಅರ್ಜಿ ಬರೆಯುತ್ತಿದ್ದಳು. “ಹ್ಞೂಂ ಅನ್ರಿ ಅಕ್ಕಾರ, ಏನಾಗತೈತಿ?” ಎಂದು ಮತ್ತೆ ತನ್ನ ಕೆಲಸಕ್ಕೆ ತಿರುಗಿದಳು. ಆಕೆಯ ಕಣ್ಣು ತಪ್ಪಿಸಿ ರಿಫ್ರೆಶ್ ಒತ್ತಿದೆ. ಇಷ್ಟು ದೊಡ್ಡ ವಿಷಯಕ್ಕೆ ಮೂರು ಸಾಲದೆನ್ನಿಸಿ, ನಮ್ಮ ಮೇಷ್ಟ್ರನ್ನು ನೆನೆದು ಏಳು ಸಲ ಒತ್ತಿದೆ.