ಕಾಲು ರೊಟ್ಟಿಯ ಗೆಲುವು

ನಮ್ಮ ‘ಪ್ಯಾಟಿ ರುಚಿ ತಿರುಗಾಟ’ ಯಾಕೆ ನಿಂತಿತೆಂದು ತಾಳಿಕೋಟೆಯಲ್ಲಿ ಯಾರನ್ನು ಕೇಳಿದರೂ, ಹೊರಗಿನವರಿಗೆ ನಮ್ಮ ಖಾರ ತಡೆಯಲಾಗಲಿಲ್ಲ ಎನ್ನುತ್ತಾರೆ. ಇದನ್ನು ನಾನು ಒಪ್ಪುವುದಿಲ್ಲ. ಒಪ್ಪದಿರುವುದೇ ನನ್ನ ಕಸುಬು. ಚರ್ಚಾಸ್ಪರ್ಧೆಗಳಲ್ಲಿ ಗೆದ್ದ ಫಲಕಗಳಿಂದಾಗಿ ಉಪ್ಪಿನಕಾಯಿ ಭರಣಿಗೆ ಕಪಾಟಿನಲ್ಲಿ ಜಾಗವಿಲ್ಲವೆಂದು ಅವ್ವ ಈಗಲೂ ಗೊಣಗುತ್ತಾಳೆ. ಇರಲಿ, ಖಾರದ ವಾದಕ್ಕೆ ಆಧಾರವೆಲ್ಲಿ? ಬಂದವರು ಹುಬ್ಬಳ್ಳಿಯವರು, ಸೊಲ್ಲಾಪುರದವರು. ಸೊಲ್ಲಾಪುರದವರಿಗೆ ಖಾರ ಹತ್ತಿತೆಂದರೆ ಮೀನಿಗೆ ನೆಗಡಿಯಾಯಿತು ಎಂದಂತೆ. ಆದರೂ ಊರು ಇದನ್ನೇ ನಂಬಿದೆ. ತೊಂದರೆ ಏನೆಂದರೆ, ಇದು ನನ್ನ ಮಾನ ಉಳಿಸುವ ಸುಳ್ಳು. ನನ್ನ ಪರವಾಗಿರುವ ಮಾತನ್ನು ನಾನೇ ಖಂಡಿಸಬೇಕಾದ ಪ್ರಸಂಗ ಯಾವ ವೇದಿಕೆಯ ಮೇಲೂ ಬಂದಿರಲಿಲ್ಲ.

ತಿರುಗಾಟದ ಯೋಚನೆ ನನ್ನ ಗೆಳೆಯ ರಫೀಕನದು. ದೊಡ್ಡ ಊರುಗಳಲ್ಲಿ ಹಳೆಯ ಪೇಟೆಯೊಳಗೆ ಮಂದಿಯನ್ನು ನಡೆಸುತ್ತಾ, ಇಲ್ಲೊಂದು ತುತ್ತು, ಅಲ್ಲೊಂದು ಗುಟುಕು ಕೊಡಿಸುವುದನ್ನು ಅವನು ಮೊಬೈಲಿನಲ್ಲಿ ನೋಡಿದ್ದ. ‘ನಮ್ಮ ಪ್ಯಾಟಿ ಏನು ಕಡಿಮಿ ಐತೇನ್ಲೇ? ನೀ ಮಾತಾಡು, ನಾ ದಾರಿ ತೋರಸ್ತೇನಿ’ ಎಂದ. ಸಂದಿಯ ತುದಿಯ ಮಿರ್ಚಿ ಭಜಿ, ಅವನ ಚಿಕ್ಕಪ್ಪನ ಚಹಾ, ಇಂಡಿ ತಾಲೂಕಿನಿಂದ ಬರುವ ಲಿಂಬೆಯ ಶರಬತ್ತು, ಹೀಗೆ ಏಳು ಕಡೆ ನಿಲ್ಲುವುದೆಂದು ಗೊತ್ತುಮಾಡಿದೆವು. ಎಲ್ಲಕ್ಕೂ ಮೊದಲು ಶಾಂತವ್ವತ್ತಿಯ ಖಾನಾವಳಿ.

ಶಾಂತವ್ವತ್ತಿ ನನಗೆ ರಕ್ತಸಂಬಂಧದ ಅತ್ತೆಯಲ್ಲ. ಶಾಲೆಯಿಂದ ಬರುವಾಗ ಅವಳ ಬಾಗಿಲು ದಾಟಿ ಹಸಿದು ಮನೆಗೆ ಹೋದ ನೆನಪೇ ನನಗಿಲ್ಲ, ಹಾಗಾಗಿ ಅತ್ತೆ. ಅವಳ ಖಾನಾವಳಿಗೆ ಬೋರ್ಡಿಲ್ಲ. ‘ಆಕಿ ಹೊಟ್ಟಿ ತುಂಬದ ಏಳಾಕ ಬಿಡೂದಿಲ್ಲ’ ಎಂದು ಮೂಟೆ ಹೊರುವ ಹಮಾಲರೂ ಕಾಳಿನ ಅಡತಿ ಅಂಗಡಿಯವರೂ ಹೇಳುವ ಮಾತೇ ಅವಳ ಬೋರ್ಡು.

ಮೊದಲ ತಿರುಗಾಟ ಅಲ್ಲೇ ಕುಸಿಯಿತು. ಹುಬ್ಬಳ್ಳಿಯ ಮೇಷ್ಟ್ರೊಬ್ಬರು ‘ಸಾಕ್ರೀ’ ಎಂದು ತಾಟಿಗೆ ಕೈ ಅಡ್ಡ ಹಿಡಿದರು. ಅತ್ತಿ ಬೆರಳ ಸಂದಿಯಿಂದಲೇ ರೊಟ್ಟಿ ಜಾರಿಸಿದಳು. ‘ಸಾಕು ಅನ್ನೂದು ಬಾಯಿ ರೀ ಸರ, ಹೊಟ್ಟಿ ಅಲ್ಲ.’ ರೊಟ್ಟಿಯ ಹಿಂದೆ ಎಣ್ಣೆಗಾಯಿ, ಅದರ ಹಿಂದೆ ಮೊಸರು. ಮೇಷ್ಟ್ರು ಕಟ್ಟೆಯ ಮೇಲೆ ಟವೆಲ್ ಹಾಸಿ ಮಲಗಿಬಿಟ್ಟರು. ಉಳಿದವರು ಗೋಡೆಗೆ ಒರಗಿ, ಪೇಟೆಯ ಇತಿಹಾಸವನ್ನು ಕುಳಿತಲ್ಲಿಯೇ ಹೇಳಿಬಿಡಿ ಎಂದು ಕೈಮುಗಿದರು.

ಮಂದಿ ಹೋದ ಮೇಲೆ ನಾನು ವಾದಕ್ಕೆ ನಿಂತೆ.

‘ಅತ್ತಿ, ಸಾಕು ಅಂದಮ್ಯಾಲೂ ಹಾಕೂದಂದ್ರ ಅವರ ಮಾತು ಸುಳ್ಳು ಅಂದಂಗ. ಬಂದವರನ್ನ ಸುಳ್ಳಬುರಕರು ಅಂತೀಯೇನು?’

‘ಹಂಗಲ್ಲೋ ತಮ್ಮಾ. ನೀ ಸಾಕು ಅಂದಾಗೆಲ್ಲಾ ನಾ ಬಿಟ್ಟಿದ್ದರ ನೀ ಇಷ್ಟೆತ್ತರ ಬೆಳೀತಿದ್ದೇನು?’

‘ಅದು ಬ್ಯಾರೆ ವಿಷಯ. ಕೇಳಿದ್ದಕ್ಕ ಉತ್ತರ ಕೊಡು. ಇದು ಊಟ ಅಲ್ಲ, ರುಚಿ ನೋಡೂದು.’

‘ರುಚಿ ನೋಡಾಕ ಬಂದವರು ಹೊಟ್ಟಿ ಮನ್ಯಾಗ ಇಟ್ಟು ಬಂದಿರ್ತಾರೇನು?’

ರಫೀಕ ನಕ್ಕುಬಿಟ್ಟ. ಅಲ್ಲಿ ನಾನು ಕೆಟ್ಟೆ. ಎದುರಾಳಿಯ ಮಾತಿಗೆ ಸಭೆ ನಕ್ಕಾಗ ವಿಷಯ ಬಿಟ್ಟು ಉದ್ದೇಶಕ್ಕೆ ಕೈ ಹಾಕಬೇಕೆಂಬುದು ನಾನು ವೇದಿಕೆಯಲ್ಲಿ ಕಲಿತ ವಿದ್ಯೆ. ‘ಖರೇ ಹೇಳ್ಲೇನು? ನೀ ಅವರ ಹಸಿವಿಗೆ ಬಡಸೂದಿಲ್ಲ ಅತ್ತಿ. ಶಾಂತವ್ವನ ಕೈ ದೊಡ್ಡದು ಅನಿಸ್ಕೊಳ್ಳಾಕ ಬಡಸ್ತಿ.’

ಅತ್ತಿ ಕೈಗೆ ಅಂಟಿದ ಹಿಟ್ಟನ್ನು ಉಜ್ಜಿ ಉದುರಿಸಿದಳು. ‘ನೀ ಕಲತಾಂವಪ್ಪಾ. ಹೆಂಗ ಹೇಳ್ತಿ ಹಂಗ ಆಗ್ಲಿ.’

‘ಒಬ್ಬರಿಗೆ ಕಾಲು ರೊಟ್ಟಿ,’ ಎಂದೆ. ಗೆದ್ದಿದ್ದೆ. ಫಲಕ ಕೊಡುವವರೊಬ್ಬರು ಇರಲಿಲ್ಲ, ಅಷ್ಟೆ.

ಮುಂದಿನ ಸಲ ಎಲ್ಲವೂ ನಾನು ಹೇಳಿದಂತೆಯೇ ನಡೆಯಿತು. ಅಗಲದ ಪರಾತದಲ್ಲಿ ಕಾಲು ಕಾಲು ರೊಟ್ಟಿಯ ಚೂರುಗಳು, ಮೇಲೊಂದು ಬೊಟ್ಟು ಎಣ್ಣೆಗಾಯಿ. ಸೆರಗು ಮುಂದಕ್ಕೆಳೆದುಕೊಂಡ ಅತ್ತಿ ಒಳಗೇ ಉಳಿದಳು. ಮಂದಿ ನಿಂತೇ ತಿಂದು ಫೋಟೋ ತೆಗೆದುಕೊಂಡರು. ಉಣ್ಣಲು ಬಂದ ಹಮಾಲ ಭೀಮಣ್ಣ ಪರಾತವನ್ನೂ ಮಂದಿಯನ್ನೂ ನೋಡಿ, ‘ಏನವಾ ಶಾಂತವ್ವಾ, ಜ್ವಾಳ ತೀರ್ಯಾವೇನು?’ ಎಂದ. ಸೊಲ್ಲಾಪುರದ ಹೆಂಗಸೊಬ್ಬರು ಇನ್ನೊಂದು ಚೂರು ಸಿಗಬಹುದೇ ಎಂದು ಕೇಳಿದರು. ನಾನು ಗಡಿಯಾರ ತೋರಿಸಿ, ‘ಮುಂದೆ ಭಜಿ ಇದೆ, ನಡೆಯಿರಿ’ ಎಂದೆ. ತಿರುಗಿ ನೋಡಿದರೆ ಅತ್ತಿ ಹೊಸ್ತಿಲಲ್ಲಿ ನಿಂತಿದ್ದಳು. ಕೈಯಲ್ಲಿ ಒಂದು ಇಡೀ ರೊಟ್ಟಿ, ಇನ್ನೂ ಹೊಗೆಯಾಡುತ್ತಿತ್ತು. ನನ್ನ ಮುಖ ನೋಡಿದಳು. ರೊಟ್ಟಿಯನ್ನು ಬುಟ್ಟಿಗೆ ಹಾಕಿ ಮುಚ್ಚಿದಳು.

ಸಂಜೆಯೊಳಗೆ ಸುದ್ದಿ ಪೇಟೆಯೆಲ್ಲ ಹಬ್ಬಿತು. ಭಜಿಯವನು ‘ಶಾಂತವ್ವನ ಬಾಗಲದಾಗ ಮಂದಿ ಅರೆಹೊಟ್ಟೀಲೆ ಹೋದರಂತ. ನಮ್ಮನ್ನ ಅದರಾಗ ಎಳೀಬ್ಯಾಡ್ರಪಾ’ ಎಂದ. ಶರಬತ್ತಿನವನೂ ಅದನ್ನೇ ಹೇಳಿದ. ತಿರುಗಾಟ ನಿಂತದ್ದು ಹೀಗೆ. ಹಾಗಾದರೆ ಖಾರದ ಕಥೆ ಎಲ್ಲಿಂದ ಬಂತು? ಮೂಲ ಕೆದಕದೆ ಬಿಡುವವನಲ್ಲ ನಾನು. ಅವರಿವರನ್ನು ಕೇಳುತ್ತಾ ಹೋದರೆ ಅದು ನಮ್ಮವ್ವನ ಹತ್ತಿರವೇ ಬಂದು ನಿಂತಿತು. ‘ಶಾಂತವ್ವನೇ ಹೇಳಿದಳಲ್ಲೋ, ಬಂದವರಿಗೆ ಖಾರ ಆಗಿ ಬರ್ಲಿಲ್ಲ, ಅದಕ್ಕ ಅರೆಹೊಟ್ಟೀಲೆ ಹೋದರು, ಹುಡುಗರದೇನೂ ತಪ್ಪಿಲ್ಲ ಅಂತ.’

ಅದನ್ನು ಕೇಳಿದ ಮರುದಿನ ಮಧ್ಯಾಹ್ನ ಅತ್ತಿಯ ಕ್ಷಮೆ ಕೇಳಲೆಂದೇ ಹೋದೆ. ದಾರಿಯಲ್ಲಿ ಮೂರು ಬಗೆಯ ಪೀಠಿಕೆ ಸಿದ್ಧ ಮಾಡಿಕೊಂಡಿದ್ದೆ. ಮೊದಲನೆಯದಕ್ಕೆ ಬಾಯಿ ತೆರೆಯುವಷ್ಟರಲ್ಲಿ ಅತ್ತಿ ‘ಬಾ, ಕುಂಡರು’ ಎಂದಳು. ಮುಖದಲ್ಲಿ ಸಿಟ್ಟಿರಲಿಲ್ಲ, ಅದೇ ಭಾರವಾಯಿತು. ತಾಟಿಗೆ ಒಂದು ರೊಟ್ಟಿ ಬಿತ್ತು. ಪಕ್ಕದಲ್ಲಿ ಭೀಮಣ್ಣ ‘ಸಾಕವಾ, ಸಾಕು’ ಎಂದು ಒದರುತ್ತಿದ್ದಂತೆಯೇ ಅವನ ತಾಟಿಗೆ ಮತ್ತೊಂದು ಬಿತ್ತು. ನನ್ನ ರೊಟ್ಟಿ ಮುಗಿಯುವ ಹೊತ್ತಿಗೆ ಬುಟ್ಟಿ ನನ್ನ ಕಡೆ ಬಂತು. ಹಸಿವು ಇನ್ನೂ ತೀರಿರಲಿಲ್ಲ. ಆದರೂ ಹುಟ್ಟಿದಾಗಿನಿಂದ ಬಂದ ರೂಢಿ ನೋಡಿ, ಕೈ ತಾನಾಗಿಯೇ ತಾಟಿಗೆ ಅಡ್ಡ ಹೋಯಿತು, ಬಾಯಿ ‘ಸಾಕತ್ತಿ’ ಎಂದಿತು.

‘ಆತಪ್ಪಾ’ ಎಂದು ಅತ್ತಿ ಬುಟ್ಟಿಯೊಡನೆ ಮುಂದೆ ಹೋದಳು.

ಬೆರಳುಗಳನ್ನು ರೊಟ್ಟಿ ಜಾರುವಷ್ಟು ಅಗಲಿಸಿಯೇ ಹಿಡಿದಿದ್ದೆ. ಖಾಲಿ ತಾಟಿನ ಮೇಲೆ ಆ ಕೈಯನ್ನು ಹಾಗೆಯೇ ಇಟ್ಟುಕೊಂಡು, ಒಲೆಯ ಕಡೆ ತಿರುಗಿದ ಅವಳ ಬೆನ್ನನ್ನು ಕೇಳಿದೆ: ‘ಅತ್ತಿ, ನಾ ಸಾಕಂದದ್ದನ್ನ ನೀ ಯಾವಾಗಿಂದ ನಂಬಾಕತ್ತಿ?’